ಜುಲೇಖಾಳ ಮನೆ ಓಣಿಗೆ ಬಂದ ದಿನ

ಹುಬ್ಬಳ್ಳಿಯ ಮನೆಗಳು ನಡೆಯಲು ಕಲಿತು ಇಪ್ಪತ್ತು ವರ್ಷವಾಗಿತ್ತು. ಯಾರ ಮನೆ ಯಾವ ಓಣಿಗೆ ಬೇಕಾದರೂ ಹೋಗಬಹುದಿತ್ತು. ಮನೆ ಬಂದು ನಿಂತ ಮೇಲೆ ಆ ಓಣಿಯವರೆಲ್ಲ ಒಪ್ಪಬೇಕು, ಅಷ್ಟೆ.

ಗಂಗವ್ವ ಬೆಳಿಗ್ಗೆಯಿಂದ ತನ್ನ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಕ್ಕದ ಮಷಿನ್ನಿನಲ್ಲಿ ಕೂತಿದ್ದ ಗೆಳತಿ ಜುಲೇಖಾ ಊರಿನ ಇನ್ನೊಂದು ತುದಿಯಲ್ಲಿದ್ದಳು. ಇಬ್ಬರ ಮೊಣಕಾಲೂ ಸೋತ ಮೇಲೆ ಭೇಟಿಯೇ ನಿಂತುಹೋಗಿತ್ತು. ಇವತ್ತು ಜುಲೇಖಾಳ ಮನೆ ಗಂಗವ್ವನ ಪಕ್ಕದ ಖಾಲಿ ಜಾಗಕ್ಕೆ ಬರುವುದಿತ್ತು.

ಹಳದಿ ಬಣ್ಣದ ಆ ಮನೆ ಉದ್ದ ಕಾಲುಗಳನ್ನು ನಿಧಾನವಾಗಿ ಎತ್ತಿಡುತ್ತ ಓಣಿಗೆ ಬಂದು ಜಾಗದಲ್ಲಿ ನಿಂತಿತು. ಅದರ ನೆರಳು ಹಿಂದಿನ ಮನೆಯ ವಿರೂಪಾಕ್ಷಪ್ಪ ಮಾಸ್ತರರ ಅಂಗಳವನ್ನೆಲ್ಲ ಮುಚ್ಚಿತು.

ಓಣಿಯ ಉಳಿದವರೆಲ್ಲ ಹೂಂ ಅಂದರು. "ನಾ ಒಪ್ಪಂಗಿಲ್ರೀ," ಎಂದರು ಮಾಸ್ತರರು. "ನಮ್ಮಾಕಿ ದಿನಾ ಇದೇ ಬಿಸಲಾಗ ಕುಂದರ್ತಾಳ."

ಗಂಗವ್ವನ ಮುಖ ಬಾಡಿತು. ಅವರು ಹೇಳಿದ್ದು ಸುಳ್ಳಲ್ಲ.

ಆಗ ಜುಲೇಖಾ ಕಿಟಕಿಯಿಂದ ತಲೆ ಹೊರಹಾಕಿದಳು. "ತಡೀರಿ ಮಾಸ್ತರ, ಮನೀನ ಕುಂದರಸ್ತೀನಿ."

"ಕೂತ ಮನಿಗೆ ಗಾಳಿ ಬರಂಗಿಲ್ಲಲೇ!" ಎಂದು ಗಂಗವ್ವ ಕೂಗಿದಳು.

"ಗಾಳಿ ಜೋಡಿ ಎಷ್ಟಂತ ಮಾತಾಡ್ಲೇ?" ಎಂದಳು ಜುಲೇಖಾ.

ಮನೆ ಕಾಲು ಮಡಚಿ ಮೆಲ್ಲಗೆ ನೆಲಕ್ಕೆ ಕೂತಿತು. ಬಿಸಿಲು ಮತ್ತೆ ಅಂಗಳಕ್ಕೆ ಇಳಿಯಿತು. ಅಲ್ಲಿ ಕುರ್ಚಿಯಲ್ಲಿದ್ದ ಮಾಸ್ತರರ ಹೆಂಡತಿ ನಕ್ಕು, "ಹೂಂ ಅನ್ರೀ ಲಗೂನ," ಎಂದರು. ಮಾಸ್ತರರು ನಗುತ್ತ ಹೂಂ ಅಂದರು.

ಈಗ ಜುಲೇಖಾಳ ಹೊಸ್ತಿಲೂ ಗಂಗವ್ವನ ಕಟ್ಟೆಯೂ ಒಂದೇ ಎತ್ತರದಲ್ಲಿದ್ದವು. ಜುಲೇಖಾ ಒಂದೇ ಹೆಜ್ಜೆಯಲ್ಲಿ ದಾಟಿ ಬಂದಳು. ಇಬ್ಬರೂ ಕೈ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ಶುರುವಾದ ಮಾತು ಸಂಜೆಯವರೆಗೂ ನಿಲ್ಲಲಿಲ್ಲ.