ಹಂತ ಇಳಿಸಿದ ಗಳಿಗೆ

ಹೊಗೆ ಮೂರನೆಯ ಮಹಡಿಗೇರಿತು ಎಂದು ಕಂಟ್ರೋಲ್ ರೂಮಿನ ವೈರ್‌ಲೆಸ್ ಒದರಿದಾಗ ಅಕ್ಕನ ಒಂದು ಕಿವಿ ಅಲ್ಲಿತ್ತು, ಇನ್ನೊಂದು ಫೋನಿನಲ್ಲಿ. ಫೋನಿನಲ್ಲಿದ್ದವಳು ಅದೇ ಮಹಡಿಯ ಮುದುಕಿ. ಮನೆಯಲ್ಲಿ ಒಬ್ಬಳೇ. ಮಂಡಿನೋವು, ಆಸರೆಯಿಲ್ಲದೆ ಮೆಟ್ಟಿಲಿಳಿಯಲು ಆಗದು.

"ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ನೆಲದ ಮೇಲೆ ಮಲಗಿ. ಫೋನ್ ಮಾತ್ರ ಕಟ್ ಮಾಡ್ಬೇಡಿ ಅಮ್ಮ," ಎಂದಳು ಅಕ್ಕ.

ಅವಳು ನಿಜವಾಗಿ ಅಕ್ಕನಾಗಿದ್ದು ಒಬ್ಬನಿಗೇ. ಅವಳ ತಮ್ಮ, ಅಗ್ನಿಶಾಮಕ ದಳ ಸೇರಿದ ಮೊದಲ ದಿನ ಅವಳನ್ನು 'ಕಂಟ್ರೋಲ್' ಎಂದು ಕರೆಯುವ ಬದಲು ಬಾಯಿತಪ್ಪಿ 'ಅಕ್ಕಾ' ಎಂದುಬಿಟ್ಟಿದ್ದ. ಅಂದಿನಿಂದ, ನಿವೃತ್ತಿಗೆ ದಿನ ಎಣಿಸುತ್ತಿದ್ದ ಮೀಸೆ ಮಾವನಿಗೂ ಅವಳು ಅಕ್ಕನೇ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಅಡಗಿರುತ್ತಿತ್ತು. ಇವಳ ಪ್ರಾಣ ಮೇಜಿನ ಮೇಲಿನ ಈ ವೈರ್‌ಲೆಸ್ ಕರಿಪೆಟ್ಟಿಗೆಯಲ್ಲಿತ್ತು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು.

ಆ ಪೆಟ್ಟಿಗೆಗೆ ಅದರದೇ ಭಾಷೆ. ಒಂದನೆಯ ಹಂತವೆಂದರೆ ಒಂದು ವಾಹನ. ಎರಡನೆಯದು, ಮೂರು ವಾಹನ ಮತ್ತು ದೊಡ್ಡ ಏಣಿ. ಮೂರನೆಯದಕ್ಕೆ ಊರಿನ ಅಷ್ಟೂ ಠಾಣೆಗಳು ಹೊರಡಬೇಕು. ಹಂತ ಏರಿಸುವುದೂ ಇಳಿಸುವುದೂ ಬೆಂಕಿಯೆದುರು ನಿಂತ ಸಾಹೇಬರ ತೀರ್ಮಾನ. ಸಾರುವುದು ಅಕ್ಕನ ಕೆಲಸ. ಮಧ್ಯಾಹ್ನ ಎರಡಕ್ಕೆ ಅವಳು ಮೂರನೆಯದನ್ನು ಸಾರಿದ್ದಳು. ದೂರದ ಠಾಣೆಗಳ ವಾಹನಗಳು ಇನ್ನೂ ದಾರಿಯಲ್ಲಿದ್ದವು.

ಒಳಗೆ ನುಗ್ಗಿದವರು ನಾಲ್ವರು. ಹಗ್ಗದ ಮುಂದಿನ ತುದಿಯಲ್ಲಿ ಮೀಸೆ ಮಾವ, ಹಿಂದಿನ ತುದಿಯಲ್ಲಿ ತಮ್ಮ. ಹಗ್ಗ ಬಿಟ್ಟು ಅಲೆಯಬೇಡ ಕಣೋ ಬಾಲ, ಎಂದು ಮಾವ ಗದರಿದ್ದು, ಬಾಲ ಇಲ್ಲದೆ ಕೋತಿ ಮರ ಹತ್ತುತ್ತಾ ಮಾವ, ಎಂದು ತಮ್ಮ ನಕ್ಕಿದ್ದು ಅವಳಿಗೆ ಕೇಳಿಸಿತ್ತು. ಆಮೇಲೆ ಬರೀ ಉಸಿರಿನ ಸದ್ದು.

ಫೋನಿನಲ್ಲಿ ಏನೋ ಮುರಿದು ಬಿತ್ತು. ಮುದುಕಿಯ ಕೆಮ್ಮು ದೂರ ಸರಿಯುತ್ತಾ ಹೋಯಿತು. ಅಕ್ಕ ಕೂಗಿದಳು. ಉತ್ತರವಿಲ್ಲ.

ಅಷ್ಟರಲ್ಲಿ ಸಾಹೇಬರ ಆಜ್ಞೆ ಬಂತು: ಚಾವಣಿ ಬಾಗುತ್ತಿದೆ, ಎಲ್ಲರೂ ಹೊರಗೆ. ಮೀಸೆ ಮಾವ ಹಗ್ಗ ಜಗ್ಗಿದರು. ಹಿಂದಿನ ತುದಿಯಿಂದ ಮರುಜಗ್ಗು ಬಂತು. ಅಂಥ ಹೊಗೆಯಲ್ಲಿ ಮುಖ ಕಾಣುವುದಿಲ್ಲ. ಮುಂದಾಳು ಬಾಗಿಲಲ್ಲಿ ನಿಂತು, ದಾಟುವ ಹೆಲ್ಮೆಟ್ಟುಗಳನ್ನು ಅಂಗೈಯಿಂದ ತಟ್ಟಿ ಎಣಿಸುವುದು ದಳದ ಪದ್ಧತಿ.

"ಮೂರು ತಲೆ ತಟ್ಟಿದೆ ಅಕ್ಕ, ನನ್ನದು ನಾಲ್ಕು. ಎಲ್ಲಾ ಹೊರಗೆ."

ಅಕ್ಕನಿಗೆ ಹೋದ ಜೀವ ಬಂತು. ತಮ್ಮನ ಕೋಟಿನ ಎದೆಗೆ ಸಿಕ್ಕಿಸಿದ ವೈರ್‌ಲೆಸ್ಸಿಗೆ ಎರಡು ಸಲ ಕರೆದಳು. ಅವನು ಓಗೊಡಲಿಲ್ಲ. ಮಾವನನ್ನೇ ಕೇಳಿದಳು.

"ಮಂಡಿ ಹಿಡ್ಕೊಂಡು ಫುಟ್‌ಪಾತ್ ಮೇಲೆ ಕೂತಿದ್ದಾನೆ. ನಾನು ಬೈದ್ರೂ ತಿರುಗಿ ಬೈತಿಲ್ಲ, ಅಂದ್ರೆ ಚೆನ್ನಾಗೇ ಹೊಗೆ ಕುಡಿದಿದ್ದಾನೆ. ಆಂಬುಲೆನ್ಸ್‌ನವರು ನೋಡ್ಕೋತಾರೆ, ನಾನು ಪೈಪ್ ಹಿಡೀಬೇಕು."

ಆಗ ಫೋನಿನಲ್ಲಿ ಸದ್ದಾಯಿತು. ಟಕ್. ಟಕ್.

ಅಕ್ಕ ಫೋನನ್ನು ಕಿವಿಗೊತ್ತಿಕೊಂಡಳು. "ಅಮ್ಮ, ನಾನ್ ಹೇಳೋದು ಕೇಳಿಸ್ತಿದ್ರೆ ಮೂರು ಸಲ ತಟ್ಟಿ."

ಟಕ್, ಟಕ್, ಟಕ್. ಗಟ್ಟಿಯಾಗಿ, ಬಿಡಿಬಿಡಿಯಾಗಿ. ಹೊಗೆಗೆ ಗಂಟಲು ಕಟ್ಟಿದ್ದರೂ ಕೈ ಸೋತಿರಲಿಲ್ಲ.

ಸಾಹೇಬರು ಕೇಳುತ್ತಿದ್ದರು: ಮೂರನೆಯ ಮಹಡಿಯ ಫೋನು ಇನ್ನೂ ಜೀವಂತವೇ? ಮುದುಕಿ ಮಾತಾಡುತ್ತಿದ್ದಾಳೆಯೇ? ಹೌದಾದರೆ ಚಾವಣಿ ಬೀಳುವುದರೊಳಗೆ ಇನ್ನೊಮ್ಮೆ ನುಗ್ಗಬಹುದು. ದಾರಿ ಗೊತ್ತಿರುವುದು ಮಾವನ ತಂಡಕ್ಕೆ ಮಾತ್ರ.

ಮಾವನ ತಂಡವೆಂದರೆ ತಮ್ಮ. ಮೇಲೇಳಲು ಆಗದಿದ್ದರೂ ಎದ್ದು ಹೋಗುವವನು ಅವನು. ಅಕ್ಕ ಬಲ್ಲಳು.

"ಹೇಳಿ ಅಕ್ಕ. ಕಳಿಸ್ಲಾ, ಬೇಡ್ವಾ?"

ಅವಳು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಹನ್ನೊಂದು ವರ್ಷದ ನೌಕರಿಯಲ್ಲಿ ಆ ಪೆಟ್ಟಿಗೆಯೆದುರು ಒಂದು ಸುಳ್ಳನ್ನೂ ಆಡಿದವಳಲ್ಲ.

"ಬೇಡ ಸಾರ್. ಆ ಕಡೆ ಏನೂ ಸದ್ದಿಲ್ಲ. ಆಗ್ಲೇ ನಿಂತೋಯ್ತು."

ಸಾಹೇಬರು ನಿಟ್ಟುಸಿರಿಟ್ಟರು. ಒಳಗೆ ಜೀವವಿಲ್ಲ, ನಮ್ಮವರೆಲ್ಲ ಹೊರಗಿದ್ದಾರೆ, ಇನ್ನು ಅವಸರವಿಲ್ಲ, ಹಂತ ಇಳಿಸಿ ಎಂದರು. ಅಕ್ಕ ಗುಂಡಿ ಒತ್ತಿ ಸಾರಿದಳು: ಮೂರನೆಯ ಹಂತ ರದ್ದು, ದಾರಿಯಲ್ಲಿರುವ ವಾಹನಗಳು ತಮ್ಮ ಠಾಣೆಗೆ ಮರಳಲಿ. ಸೈರನ್ನುಗಳು ಒಂದೊಂದಾಗಿ ಬಾಯಿ ಮುಚ್ಚಿದವು.

ಫೋನಿನಲ್ಲಿ ಮಾತ್ರ ಟಕ್, ಟಕ್, ಟಕ್.

ಅಂಗೈ ತೆಗೆದು ಅವಳು ಮೆಲ್ಲಗೆ ಹೇಳಿದಳು, "ಬರ್ತಿದ್ದಾರೆ ಅಮ್ಮ. ಹೆದರ್ಬೇಡಿ. ನಾನಿಲ್ಲೇ ಇದೀನಿ." ಜ್ವರ ಬಂದ ಮಗುವಿಗೆ ಹೇಳುವ ಹಾಗೆ ಮತ್ತೆ ಮತ್ತೆ ಹೇಳಿದಳು. ಅವಳ ದನಿ ಕೇಳಿದಾಗಲೆಲ್ಲ ಆ ಕಡೆಯ ಕೈ ಚುರುಕಾಗುತ್ತಿತ್ತು, ಗುರುತು ಸಿಕ್ಕವರ ಹಾಗೆ. ಅವಳ ಕಣ್ಣೀರು ಮೇಜಿಗೆ ತೊಟ್ಟಿಕ್ಕಿತು. ಯಾರ ಮನೆಯ ಹಿರಿಜೀವವೋ, ಕ್ಷಮಿಸಿಬಿಡು ತಾಯಿ ಎಂದುಕೊಂಡಳು. ಆದರೆ ನನ್ನವನು ಹೊರಗಿದ್ದಾನಲ್ಲ ಎಂದೂ ಅಂದುಕೊಂಡಳು.

ಸದ್ದು ಎರಡಾಯಿತು. ಒಂದಾಯಿತು. ಆಮೇಲೆ ಏನೋ ಭಾರವಾದದ್ದು ಕುಸಿದು, ಫೋನು ಸತ್ತಿತು.

ಪೆಟ್ಟಿಗೆ ಗೊರಗುಟ್ಟಿತು. ಆಂಬುಲೆನ್ಸಿನ ನರ್ಸ್.

"ಕಂಟ್ರೋಲ್, ಫುಟ್‌ಪಾತ್ ಮೇಲಿದ್ದವರ ಹೆಲ್ಮೆಟ್, ಮಾಸ್ಕ್ ಈಗ ತೆಗೆದ್ವಿ. ಇದು ಯಾರೋ ಅಜ್ಜಿ. ಕೋಟು ತೊಡಿಸಿ, ಹಗ್ಗ ಕೈಗೆ ಕೊಟ್ಟು ಕಳಿಸಿದ ಹುಡುಗ ಹಿಂದೆ ಬಂದ್ನಾ ಅಂತ ಕೇಳ್ತಿದ್ದಾರೆ."