ಮೂರಾದ ಮೇಲೆ ಐದು

“ಅಜ್ಜೀ, ಎರಡನೇದು ಇನ್ನೊಂದ್ಸಲ ಹೇಳಿ” ಎಂದು ಕಿಟಕಿಯೊಳಗಿನಿಂದ ಯಾರೋ ಪಿಸುಗುಟ್ಟಿದರು. ದೊಡ್ಡತಾಯಮ್ಮ ತಲೆ ಎತ್ತಲಿಲ್ಲ. ಮಗುವಿಗೆ ಕುಡಿಸುವ ಒಳಲೆಯಲ್ಲಿ ಹಾಲಿತ್ತು, ಹಾಲಿರುವಾಗ ಆಕೆ ಬೇರೆಲ್ಲೂ ನೋಡುತ್ತಿರಲಿಲ್ಲ. ಪರೀಕ್ಷೆ ನಡೆಯುತ್ತಿದ್ದ ಹುಣಸೂರಿನ ಶಾಲೆಯ ಹೊಂಗೆ ಮರದ ಬುಡದಲ್ಲಿ, ಒಂಬತ್ತು ತಿಂಗಳ ಮೊಮ್ಮಗಳು ಅನುಶ್ರೀಯ ಬೆನ್ನಿಗೆ ಎಡಗೈ ಆಸರೆ ಕೊಟ್ಟು ಕೂರಿಸಿಕೊಂಡು, “ಮೂರನೆಯದಾಗಿ, ಶಿಶುವು ತಾಯಿಯ ದನಿಯನ್ನು ಗುರುತಿಸಿ ನಗುತ್ತದೆ” ಎಂದು ಹೇಳಿ ಒಂದು ಗುಟುಕು ಬಿಟ್ಟಳು. ಮಗು ನುಂಗಿತು. “ಐದನೆಯದಾಗಿ, ಶಿಶುವು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ.” ಇನ್ನೊಂದು ಗುಟುಕು.

ಮಗುವಿನ ಅಂಗುಳ ಹುಟ್ಟಿನಿಂದಲೇ ಸೀಳಿತ್ತು. ಹನಗೋಡಿನ ಕಡೆಯ ಅಜ್ಜಿಯರೆಲ್ಲರಂತೆ ದೊಡ್ಡತಾಯಮ್ಮನೂ ಮೊದಲ ದಿನ ಕಾಲು ನೀಡಿ, ಕಾಲ ಮೇಲೆ ಅಂಗಾತ ಮಲಗಿಸಿಯೇ ಒಳಲೆ ಹಿಡಿದಿದ್ದಳು. ಹಾಲು ಮೂಗಿನಲ್ಲಿ ಬಂದು ಮಗು ನೀಲಿಗಟ್ಟಿತು. ಆಮೇಲಿಂದ ಕೂರಿಸಿಕೊಂಡೇ, ಗುಟುಕು ಗುಟುಕಾಗಿ, ಒಂದು ಹೊತ್ತಿಗೆ ಮುಕ್ಕಾಲು ಗಂಟೆ. ಏಳು ಕೆಜಿ ತೂಗಿದರೆ ಆಪರೇಷನ್ ಎಂದಿದ್ದರು ಮೈಸೂರಿನ ಡಾಕ್ಟರು. ಬರುವ ಸೋಮವಾರ ತೂಕ, ಕಾಲು ಕೆಜಿ ಇನ್ನೂ ಕಮ್ಮಿ.

ಸೊಸೆ ರಾಣಿ ಟಿ.ಸಿ.ಎಚ್. ಓದುತ್ತಿದ್ದಳು. ಓದಿಗೆ ಬೇರೆ ಹೊತ್ತು ಸಿಗದೆ, ಹಾಲು ಕುಡಿಸುತ್ತಲೇ ಪಾಠಗಳನ್ನು ಗಟ್ಟಿಯಾಗಿ ಓದುವಳು. ಒಂದು ಅಂಶಕ್ಕೆ ಒಂದು ಗುಟುಕು. ರೂಢಿಯಾದ ಮಗು ಈಗ ಪಾಠವಿಲ್ಲದೆ ನುಂಗುತ್ತಿರಲಿಲ್ಲ. ಅಕ್ಷರ ಬಾರದ ದೊಡ್ಡತಾಯಮ್ಮ ಸೋಬಾನೆ ಪದ ಕಲಿತ ಹಾಗೆಯೇ ಶಿಕ್ಷಣದ ಪಾಠಗಳನ್ನೂ ಕಲಿತಳು. ಮಗ ಚಲುವರಾಜು ಹೊಗೆಸೊಪ್ಪಿನ ಸಸಿ ನೆಡುವುದರಲ್ಲಿದ್ದ. ಹಾಗಾಗಿ ಪರೀಕ್ಷೆಗೆ ಸೊಸೆಯ ಜೊತೆ ಬಂದವಳು ಅತ್ತೆ.

ಒಳಗೆ ಕಾವಲಿದ್ದ ಶಿವನಂಜಪ್ಪ ಮೇಷ್ಟ್ರು ಹೊರಗೆ ಬಂದು ಮರದ ಮುಂದೆ ನಿಂತರು.

“ಏನಮ್ಮ, ಪರೀಕ್ಷೆ ನಡೀತಿರೋದು ಗೊತ್ತಿಲ್ವಾ ನಿಮಗೆ?”

“ಗೊತ್ತು ಸೋಮಿ. ನನ್ ಸೊಸೆ ಒಳಗೇ ಅವ್ಳೆ.”

“ಅದಕ್ಕೇ ಉತ್ತರ ಹೇಳ್ಕೊಡ್ತಿದ್ದೀರಾ? ಕಿಟಕಿ ಸಾಲಿನಲ್ಲಿ ಆರು ಜನ ಮೂರಾದ ಮೇಲೆ ಐದು ಅಂತ ಬರೆದಿದ್ದಾರೆ. ಆರು ಜನಕ್ಕೂ ನಾಲ್ಕು ಮರೆತುಹೋಗುತ್ತಾ?”

“ಅದ್ರಲ್ಲಿ ನಾಕು ಇಲ್ಲ ಸೋಮಿ.”

“ಇಲ್ಲ ಅಂದ್ರೆ?”

“ನನ್ ಸೊಸೆ ಓದೋದೇ ಅಂಗೆ. ಮೂರಾದ ಮ್ಯಾಲೆ ಐದು. ಓದ್ದೋರ ಎಣ್ಕೆ ಅಂಗಿರ್ಬೌದು ಅಂದ್ಕಂಡು ನಾನೂ ಸುಮ್ಕಿದ್ದೆ.”

“ಸೊಸೆ ನಂಬರ್ ಹೇಳಿ. ಇದು ಕಾಪಿ. ಅವರನ್ನ ಈಗಲೇ ಹೊರಗೆ ಕಳಿಸ್ಬೇಕಾಗುತ್ತೆ.”

“ನಂಬರ್ ಗೊತ್ತಿಲ್ಲ. ರಾಣಿ ಅಂತ. ಹಸ್ರು ಸೀರೆ, ಎಡದ ಹೆಗಲ ಮ್ಯಾಲೆ ಹಾಲಿನ ಕಲೆ ಅದೆ.”

ಮೇಷ್ಟ್ರು ಒಳಗೆ ಹೋದರು. ದೊಡ್ಡತಾಯಮ್ಮ ಬಾಗಿಲನ್ನೇ ನೋಡುತ್ತ ಕೂತಳು. ಸೊಸೆಯ ಎರಡು ವರ್ಷದ ಓದನ್ನು ತನ್ನ ಬಾಯೇ ನುಂಗಿತಲ್ಲ ಎನಿಸಿತು. ಮಗು ಬಾಯಿ ತೆರೆದು ಕಾಯುತ್ತಿತ್ತು. ಪಾಠ ಹೇಳಲು ಹೆದರಿ ಮೆಲ್ಲಗೆ ಜೋಗುಳ ಹಾಡಿ ಒಂದು ಗುಟುಕು ಬಿಟ್ಟಳು. ಮಗು ನುಂಗಲಿಲ್ಲ, ಹಾಲು ಮೂಗಿನಲ್ಲಿ ಬಂತು. ಸೆರಗಿನಿಂದ ಒರೆಸುತ್ತಿರುವಾಗ ಮೇಷ್ಟ್ರು ವಾಪಸು ಬಂದರು. ಒಬ್ಬರೇ ಬಂದಿದ್ದರು.

“ನಿಮ್ಮ ಸೊಸೆ ನಾಲ್ಕನೇದು ಬರೆದಿದ್ದಾರೆ. ಆ ಸಾಲಿನಲ್ಲಿ ಅವರೊಬ್ಬರೇ.”

“ಅಂಗಾರೆ?”

“ಅಂಗಾರೆ ಅವರು ನಿಮ್ಮ ಬಾಯಿ ಕೇಳಿ ಬರೀಲಿಲ್ಲ ಅಂತಾಯ್ತು. ಬರೀಲಿ ಬಿಡಿ.”

ದೊಡ್ಡತಾಯಮ್ಮ ಉಸಿರು ಬಿಟ್ಟಳು. “ಏನಂತೆ ಸೋಮಿ, ಆ ನಾಕು?”

ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ; ಕೇಳಿದ ಕೂಡಲೇ ಉತ್ತರ ಬಂದುಬಿಟ್ಟಿತು. “ಆರನೆಯ ತಿಂಗಳಲ್ಲಿ ಶಿಶುವು ಆಧಾರವಿಲ್ಲದೆ ಕುಳಿತುಕೊಳ್ಳುತ್ತದೆ.” ಆಮೇಲೆ ಅವರ ಕಣ್ಣು ಮಗುವಿನ ಬೆನ್ನ ಹಿಂದಿದ್ದ ಕೈಯ ಮೇಲೆ ಬಿತ್ತು. “ಎಷ್ಟು ತಿಂಗಳು ಇದಕ್ಕೆ?”

“ಒಂಬತ್ತು.”

ಶಿವನಂಜಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಅದು ಕೊಳೆಯಾಗಿರಲಿಲ್ಲ. “ಹಾಲು ಕುಡಿಸಿ. ಇವತ್ತಿನ ಪಾಠ ಮಾತ್ರ ಬೇಡ. ನಿನ್ನೆ ಪರೀಕ್ಷೇದು ಹೇಳಿ, ಅದು ಮುಗಿದಿದೆ” ಎಂದು ಹೊರಟುಹೋದರು.

ದೊಡ್ಡತಾಯಮ್ಮ ಕನ್ನಡ ಬೋಧನೆಯ ಉದ್ದೇಶಗಳನ್ನು ಶುರು ಮಾಡಿದಳು. ಮಗು ನುಂಗಿತು. “ಅಜ್ಜೀ, ಅದು ನಿನ್ನೇದು!” ಎಂದಿತು ಕಿಟಕಿ.

ಕೊನೆಯ ಗಂಟೆ ಹೊಡೆಯಿತು. ರಾಣಿ ಎಲ್ಲರಿಗಿಂತ ಮೊದಲು ಓಡಿಬಂದಳು.

“ಕುಡುದ್ಲಾ ಅತ್ತೆ?”

“ಕುಡುದ್ಲು. ಒಳಲೇಲಿ ಇನ್ನೊಂದಿಷ್ಟು ಅದೆ. ನೀನು ಎಲ್ಲಾ ಬರ್ದಾ?”

“ಬರ್ದೆ.”

“ಎಲ್ಲಾನೂವೆ?”

ರಾಣಿ ಬಗ್ಗಿ ಹಾಲಿನ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು. “ಎಲ್ಲಾನೂವೆ.”

ದೊಡ್ಡತಾಯಮ್ಮ ಒಳಲೆ ಕೈಗೆತ್ತಿಕೊಂಡಳು. ಪರೀಕ್ಷೆ ಮುಗಿದಿತ್ತು, ಇವತ್ತಿನ ಪಾಠಕ್ಕೂ ಇನ್ನು ಅಡ್ಡಿಯಿರಲಿಲ್ಲ. ಮಗುವಿನ ಬೆನ್ನಿಗೆ ಕೈ ಕೊಟ್ಟು ನೆಟ್ಟಗೆ ಕೂರಿಸಿಕೊಂಡು ಮೊದಲನೆಯದು ಹೇಳಿದಳು, ಎರಡನೆಯದು ಹೇಳಿದಳು, ಮೂರನೆಯದು ಹೇಳಿ ನಿಲ್ಲಿಸಿದಳು. ಮುಚ್ಚಳ ತಿರುಗಿಸುತ್ತಿದ್ದ ಕೈಯೂ ನಿಂತಿತು. ಅನುಶ್ರೀ ಬಾಯಿ ತೆರೆದು ಕಾಯುತ್ತಿದ್ದಳು.

“ಐದನೆಯದಾಗಿ” ಎಂದು ದೊಡ್ಡತಾಯಮ್ಮ ಒಳಲೆ ಬಾಗಿಸಿದಳು.