ಹೂಂ

ಹನ್ನೊಂದು ಸೆಕೆಂಡಿನ ರೆಕಾರ್ಡಿಂಗನ್ನು ವೇದಾ ನಾಲ್ಕನೇ ಸಲ ಹಾಕಿದಳು. ಎಂಜಿನ್ನಿನ ಅಬ್ಬರ, ಕಾರಿನ ತಳಕ್ಕೆ ಜಲ್ಲಿಕಲ್ಲು ಬಡಿಯುವ ಸದ್ದು. ಅದರ ನಡುವೆ ಲೋಹಿತ್‌ನ ದನಿ: "ದಿಬ್ಬ, ಮೂರು ಎಡ." ಆಮೇಲೆ ಅವಳ ಗಂಡ ಶ್ರೀಕರ್: "ನೂರಾ?" ಮತ್ತೆ ಲೋಹಿತ್: "ಹೂಂ." ಎಂಜಿನ್ ಇನ್ನಷ್ಟು ಜೋರಾಗುತ್ತದೆ. ಅಲ್ಲಿಗೆ ರೆಕಾರ್ಡಿಂಗ್ ಮುಗಿಯುತ್ತದೆ.

ಅದೇ ಲೋಹಿತ್ ಈಗ ಲೋವರ್ ಹಟ್ ಊರಿನ ಅವಳ ಮನೆಯಲ್ಲಿ, ಊಟದ ಮೇಜಿನ ಆಚೆ ಬದಿ ಕೂತಿದ್ದ. ಎಡಗೈಗೆ ಪ್ಲಾಸ್ಟರ್. ಐದು ವಾರದ ಹಿಂದೆ ಮರಳುಗಾಡಿನ ದೇಶವೊಂದರಲ್ಲಿ ನಡೆದ ಅಂತರರಾಷ್ಟ್ರೀಯ ರ‍್ಯಾಲಿಯಲ್ಲಿ ಶ್ರೀಕರ್ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಕೂತು ದಾರಿಯ ಟಿಪ್ಪಣಿ ಓದಿ ಹೇಳುತ್ತಿದ್ದವನು ಇವನು. ದಿಬ್ಬದಾಚೆಯ ತಿರುವಿನಲ್ಲಿ ಕಾರು ಬಂಡೆಗೆ ಹೊಡೆಯಿತು. ಶ್ರೀಕರ್ ಪೆಟ್ಟಿಗೆಯಲ್ಲಿ ವಾಪಸು ಬಂದ.

ಟಿಪ್ಪಣಿ ಕನ್ನಡದಲ್ಲಿರಲಿ ಎಂದವಳು ವೇದಾಳೇ. ಹತ್ತಿರದ ವೈರರಾಪದ ಮಣ್ಣುರಸ್ತೆಗಳಲ್ಲಿ ಅಭ್ಯಾಸ ಮಾಡುವಾಗ, "ಅವಸರದಲ್ಲಿ ಶ್ರೀಕರ್‌ಗೆ ಲೆಫ್ಟು ರೈಟು ತಲೆಗೇ ಹೋಗಲ್ಲ. ಎಡ ಬಲ ಅಂತ್ಲೇ ಹೇಳು" ಎಂದು ನಗುತ್ತಾ ಹೇಳಿದ್ದಳು. ಆ ವರ್ಷ ಎರಡು ಸಲ ಗೆದ್ದೂ ಇದ್ದರು. ಮೂರು ಅಂದರೆ ಬ್ರೇಕ್ ಒತ್ತಲೇಬೇಕಾದ ತಿರುವು. ನೂರು ಅಂದರೆ ನೂರು ಮೀಟರ್ ನೇರ ದಾರಿ, ಧೈರ್ಯವಾಗಿ ಓಡಿಸಬಹುದು. ಹೆಲ್ಮೆಟ್ಟಿನೊಳಗೆ ಎರಡೂ ಒಂದೇ ಥರ ಕೇಳಿಸೀತು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಈ ಐದು ವಾರದಲ್ಲಿ ಅದಕ್ಕಾಗಿ ವೇದಾ ತನ್ನನ್ನು ತಾನು ಶಪಿಸಿಕೊಳ್ಳದ ದಿನವಿಲ್ಲ.

ಅಲ್ಲಿನ ತನಿಖಾ ಸಮಿತಿಯವರಿಗೆ ಕನ್ನಡ ಬರುವುದಿಲ್ಲ. ಮಾತುಗಳಿಗೆ ಇಂಗ್ಲಿಷ್ ಬರೆದು, ನೀವಿಬ್ಬರೂ ಒಪ್ಪಿ ಸಹಿ ಮಾಡಿ ಕಳಿಸಿ ಎಂದು ಕಾಗದ ಕಳಿಸಿದ್ದರು. ಮೂರು ಖಾಲಿ ಸಾಲುಗಳು. ಮೂರನೆಯದರ ಪಕ್ಕ ಅವರೇ 'ಗೊಣಗಿದ ಸದ್ದು' ಎಂದು ಬರೆದು ಪ್ರಶ್ನೆಯ ಗುರುತು ಹಾಕಿದ್ದರು. ಪಾಪ, ಹೂಂ ಎನ್ನುವುದೂ ಒಂದು ಮಾತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅದು ಬರೀ ಸದ್ದಾದರೆ, ತಪ್ಪಾಗಿ ಕೇಳಿಸಿಕೊಂಡ ಚಾಲಕನದೇ ತಪ್ಪು ಎಂದು ವರದಿ ಮುಗಿಯುತ್ತದೆ. ಮಾತಾದರೆ, ತಪ್ಪಿಗೆ ಹೌದೆಂದ ಲೋಹಿತ್‌ನ ತಲೆಗೆ ಬರುತ್ತದೆ.

ಮೊದಲೆರಡು ಸಾಲು ತುಂಬಿ ವೇದಾ ಪೆನ್ನು ನಿಲ್ಲಿಸಿದಳು.

"ನೂರಾ ಅಂತ ಅವ್ರು ಕೇಳಿದ್ರು. ನೀನು ಹೂಂ ಅಂದೆ."

"ಕೇಳಿಸ್ಲೇ ಇಲ್ಲ ಅತ್ತಿಗೆ ನಂಗೆ. ಪುಸ್ತಕದಲ್ಲಿ ಮುಂದಿನ ಸಾಲು ನೋಡ್ತಿದ್ದೆ. ಶ್ರೀಕರಣ್ಣ ಏನೋ ಅಂದ್ರು, ಸುಮ್ನೆ ಹೂಂ ಅಂದೆ. ಕೇಳಿಸ್ದಿದ್ರೂ ಹೂಂ ಅನ್ನೋದು ನನ್ ಅಭ್ಯಾಸ."

"ಇಷ್ಟು ದಿನ ಇದನ್ನ ಯಾರಿಗೂ ಹೇಳ್ಲಿಲ್ಲ ನೀನು."

"ಹೇಗ್ ಹೇಳ್ಲಿ?" ಅವನ ಕಣ್ಣು ತುಂಬಿತು. "ಹೌದು ಅಂತ ಬರೆದ್ರೆ ನಾನೇ ಕೊಂದ ಹಾಗಾಗತ್ತೆ. ಇನ್ಯಾರೂ ನನ್ನ ಪಕ್ಕ ಕೂರಿಸ್ಕೊಳ್ಳಲ್ಲ. ಅದು ಹಾಳಾಗ್ಲಿ, ಇದನ್ನ ಹೊತ್ಕೊಂಡು ನಾನು ಹೇಗಿರ್ಲಿ ಅತ್ತಿಗೆ?"

ಮಧ್ಯಾಹ್ನ ನೆಟ್‌ಬಾಲ್ ಆಟಕ್ಕೆ ಹೊರಟ ಮಗಳು ಮಾನ್ಯ, ಬಾಗಿಲಲ್ಲಿ ಕೂತು ಶೂ ಲೇಸ್ ಕಟ್ಟುತ್ತಾ, ಮುಖ ಎತ್ತದೆ ಕೇಳಿದ್ದಳು: "ವಾಸ್ ಇಟ್ ಡ್ಯಾಡ್ಸ್ ಫಾಲ್ಟ್?" ವರದಿ ಬರ್ಲಿ ಪುಟ್ಟಾ ಎಂದು ವೇದಾ ತಪ್ಪಿಸಿಕೊಂಡಿದ್ದಳು. ಆ ವರದಿ ಏನು ಹೇಳಬೇಕೆಂಬುದು ಈಗ ಅವಳ ಕೈಯಲ್ಲೇ ಇತ್ತು. ಆದರೆ ಎದುರಿಗೆ ಕೂತಿದ್ದವನು, ಓದಲು ಬಂದ ಹೊಸದರಲ್ಲಿ ಫ್ಲ್ಯಾಟ್‌ಮೇಟ್‌ಗಳ ಅಡುಗೆ ಸೇರದೆ ಇದೇ ಮೇಜಿನಲ್ಲಿ ಅನ್ನ ಸಾರು ಉಂಡು ಬೆಳೆದವನು. ಸತ್ತವರಿಗೆ ಯಾವ ವರದಿಯ ಭಾರ, ಇವನಾದರೂ ಬದುಕಿಕೊಳ್ಳಲಿ ಎನ್ನಿಸಿತು ಅವಳಿಗೆ. ಮಗಳ ಮುಖ ನೆನಪಾದರೂ, ಮೂರನೇ ಸಾಲಿನಲ್ಲಿ 'ಸದ್ದು, ಅರ್ಥವಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಳು. ಲೋಹಿತ್ ನಿಟ್ಟುಸಿರು ಬಿಟ್ಟ.

"ಕಾಫಿ ಕುಡಿದು ಸಹಿ ಹಾಕೋಣ" ಎಂದು ವೇದಾ ಎದ್ದಳು. ಅಡುಗೆಕಟ್ಟೆ ಅಲ್ಲೇ, ನಾಲ್ಕು ಹೆಜ್ಜೆ. ಕೆಟಲ್ ಹಳೆಯದು, ನೀರು ಕಾಯುವಾಗ ಮನೆಯೆಲ್ಲ ಭೋರ್ಗರೆಯುತ್ತದೆ. ಅವನಿಗೆ ಬೆನ್ನು ಮಾಡಿ ನಿಂತು ಲೋಟ ತೆಗೆದಿಟ್ಟು ಕೇಳಿದಳು.

"ಸಕ್ಕರೆ ಹಾಕ್ಲಾ?"

"ಆಂ?"

ಚಮಚ ಸಕ್ಕರೆ ಡಬ್ಬಿಯಲ್ಲೇ ನಿಂತಿತು. ವೇದಾ ತಿರುಗಲಿಲ್ಲ. ಇನ್ನೂ ಮೆಲ್ಲಗೆ, ತುಟಿಯಲ್ಲೇ ಎಂಬಂತೆ ಕೇಳಿದಳು.

"ಎರಡಾ?"

"ಆಂ? ಏನಂದ್ರಿ ಅತ್ತಿಗೆ? ಕೇಳಿಸ್ಲಿಲ್ಲ."

ಅವಳು ಕೆಟಲ್ ಆರಿಸಿ ಮೇಜಿಗೆ ಬಂದಳು. ನಿಂತುಕೊಂಡೇ ಮೂರನೇ ಸಾಲನ್ನು ಹೊಡೆದುಹಾಕಿ, ಅದರ ಮೇಲೆ 'ಯೆಸ್' ಎಂದು ಬರೆದಳು. ತನ್ನ ಸಹಿ ಹಾಕಿ, ಕಾಗದವನ್ನು ಅವನ ಕಡೆಗೆ ತಿರುಗಿಸಿ, ಪೆನ್ನನ್ನು ಅವನ ಬಲಗೈಯ ಪಕ್ಕ ಇಟ್ಟಳು.

"ಕೇಳಿಸ್ದಿದ್ರೆ ನೀನು ಆಂ ಅಂತೀಯ, ಲೋಹಿತ್" ಎಂದಳು, ಅಷ್ಟೇ ಮೆಲ್ಲಗೆ.

ಈ ಸಲ ಅವನು ಆಂ ಅನ್ನಲಿಲ್ಲ.